ಕೂಸಿನ ಗಾಡಿಯ ಲೈಬ್ರರಿ

ಕಳೆದ ವಾರ ಲಂಡನ್ನಿನ ಜುಬಿಲಿ ಲೈನ್ ರೈಲಿನಲ್ಲಿ ನಾನೊಂದು ಸಣ್ಣ ನಾಟಕ ಮಾಡಿದೆ. ಬೇಕೆಂದು ಮಾಡಿದ್ದಲ್ಲ. ಕಿಂಗ್ಸ್‌ಬರಿಯಲ್ಲಿ ಹತ್ತಿ, ಸೀಟು ಸಿಕ್ಕ ಖುಷಿಗೆ ಕಾಲು ಚಾಚಿ ಕೂತಿದ್ದೆ. ಎದುರಿಗಿದ್ದ ಹುಡುಗ ತೂಕಡಿಸುತ್ತಿದ್ದ. ಅವನ ತೊಡೆಯ ಮೇಲಿದ್ದ ಪುಸ್ತಕ ಜಾರಿ ಬಂದು ನನ್ನ ಬೂಟಿಗೆ ತಾಗಿತು. ಅಷ್ಟೇ ನೋಡಿ, ನನ್ನ ಕೈ ನನ್ನನ್ನು ಒಂದು ಮಾತೂ ಕೇಳದೆ ಅದನ್ನೆತ್ತಿ ಎರಡೂ ಕಣ್ಣಿಗೆ ಒತ್ತಿಬಿಟ್ಟಿತು. ಅಷ್ಟರಲ್ಲಿ ಅವನಿಗೆ ಎಚ್ಚರವಾಗಿತ್ತು. ಯಾರೋ ಅಪರಿಚಿತ ಹೆಂಗಸು ತನ್ನ ಪುಸ್ತಕವನ್ನು ಮುಖಕ್ಕೆ ಉಜ್ಜಿಕೊಂಡು ವಾಪಸು ಕೊಡುತ್ತಿದ್ದಾಳೆ! ಪಾಪ, "ಥ್ಯಾಂಕ್ ಯೂ" ಅಂದ. ಪ್ರಾಣ ಹೋಗುವಾಗಲೂ ಈ ಊರಿನವರು ಅದೊಂದನ್ನು ಮರೆಯುವುದಿಲ್ಲ. ಆಮೇಲೆ ಪುಸ್ತಕವನ್ನು ಎರಡೇ ಬೆರಳಲ್ಲಿ ಹಿಡಿದುಕೊಂಡು ಮುಂದಿನ ಸ್ಟೇಷನ್ನಿನಲ್ಲಿ ಇಳಿದುಹೋದ. ಅವನು ಇಳಿಯಬೇಕಾದ ಸ್ಟೇಷನ್ನೇ ಅದು ಎಂದು ನಾನು ನಂಬಿಕೊಂಡಿದ್ದೇನೆ.

ಏನು ಮಾಡಲಿ, ನಮ್ಮದು ಧಾರವಾಡ. ಪುಸ್ತಕಕ್ಕೆ ಕಾಲು ತಾಗಿದರೆ ವಿದ್ಯೆ ಹತ್ತುವುದಿಲ್ಲ ಎಂದು ಹೆದರಿಕೊಂಡೇ ಬೆಳೆದವರು. ಪುಸ್ತಕವಷ್ಟೇ ಅಲ್ಲ, ಅಕ್ಷರ ಇದ್ದ ಯಾವ ಕಾಗದವೂ ಆಗುತ್ತಿತ್ತು. ರದ್ದಿಯವನು ಬರುವ ದಿನ ನನ್ನ ಅಣ್ಣ ಹಳೆಯ ಪೇಪರಿನ ಗುಡ್ಡದ ಮೇಲೆ ಹತ್ತಿ ಕುಣಿಯುತ್ತಿದ್ದ. ಇಳಿದ ಮೇಲೆ ಇಡೀ ಗುಡ್ಡಕ್ಕೆ ಸೇರಿಸಿ ಒಂದೇ ನಮಸ್ಕಾರ ಹಾಕಿ ಲೆಕ್ಕ ಚುಕ್ತಾ ಮಾಡುತ್ತಿದ್ದ. ಅಪ್ಪನ ಪುಸ್ತಕಗಳಿದ್ದದ್ದು ಗಾಜಿನ ಕಪಾಟಿನಲ್ಲಿ. ಕಪಾಟಿಗೆ ಬೀಗ, ಬೀಗದ ಕೈ ಅಪ್ಪನ ಜನಿವಾರದಲ್ಲಿ. ನಾವು ಗಾಜಿಗೆ ಮೂಗು ಒತ್ತಿ ಪುಸ್ತಕಗಳ ಬೆನ್ನಿನ ಮೇಲಿನ ಹೆಸರು ಓದುತ್ತಿದ್ದೆವು. ಬೇಸಿಗೆ ರಜೆಯಲ್ಲಿ ಅಪ್ಪ ಒಳ್ಳೆಯ ಮೂಡಿನಲ್ಲಿದ್ದರೆ, ಕೈ ತೊಳೆದು ಒರೆಸಿಕೊಂಡು ಬಂದವರಿಗೆ ಒಂದು ಪುಸ್ತಕ ಹೊರಗೆ ಬರುತ್ತಿತ್ತು. ಅದನ್ನು ಹಿಡಿದುಕೊಂಡ ಮೇಲೆ ಓದುವುದಕ್ಕಿಂತ ಹಾಳೆ ಮಡಚದಂತೆ ಕಾಯುವುದರಲ್ಲೇ ನನ್ನ ಮಧ್ಯಾಹ್ನ ಕಳೆಯುತ್ತಿತ್ತು. ಪುಸ್ತಕವನ್ನು ನಾವು ಎಷ್ಟು ಗೌರವಿಸುತ್ತಿದ್ದೆವೆಂದರೆ, ಅದನ್ನು ಓದುವುದು ಸ್ವಲ್ಪ ಅಧಿಕಪ್ರಸಂಗವೆನಿಸುತ್ತಿತ್ತು.

ಇನ್ನು ದಸರೆ. ಎಲ್ಲ ಪುಸ್ತಕಗಳನ್ನೂ ಪೂಜೆಗಿಟ್ಟು, ಪಾಟಿಯ ಮೇಲೆ ಬಳಪದಿಂದ ಸರಸ್ವತಿಯ ಚಿತ್ರ ಬರೆದು, ಅರಿಶಿನ ಕುಂಕುಮ ಏರಿಸಿದರೆ ಮರುದಿನ ಎತ್ತುವ ತನಕ ಯಾರೂ ಪುಸ್ತಕ ಮುಟ್ಟುವ ಹಾಗಿಲ್ಲ. ಓದಿದರೆ ಬೈಸಿಕೊಳ್ಳುವ ದಿನ ವರ್ಷಕ್ಕೆ ಅದೊಂದೇ. ಅಣ್ಣ ತನ್ನ ಗಣಿತದ ಪುಸ್ತಕವನ್ನು ಗಂಟಿನ ತೀರಾ ತಳಕ್ಕೆ ತುರುಕುತ್ತಿದ್ದ, ಅದು ಆದಷ್ಟು ತಡವಾಗಿ ಹೊರಬರಲಿ ಎಂದು. ಪಾಟಿಯನ್ನು ಗಂಟಿನ ಬುಡಕ್ಕೇ ಒರಗಿಸುತ್ತಿದ್ದುದರಿಂದ ದೇವಿಗೆ ಎಲ್ಲಕ್ಕಿಂತ ಹೆಚ್ಚು ಹತ್ತಿರವಿದ್ದದ್ದು ಆ ಗಣಿತದ ಪುಸ್ತಕವೇ. ಅವನೀಗ ಚಾರ್ಟರ್ಡ್ ಅಕೌಂಟೆಂಟ್, ಆದ್ದರಿಂದ ನಾನು ಈ ವಿಷಯದಲ್ಲಿ ತಮಾಷೆ ಮಾಡುವುದಿಲ್ಲ.

ಪುಸ್ತಕಕ್ಕೆ ಗೌರವ ಕೊಡುವ ವಿದ್ಯೆಯಲ್ಲಿ ನಮ್ಮನ್ನು ಮೀರಿಸಿದವರಿಲ್ಲ ಎಂಬ ನನ್ನ ಜಂಬ ಇಳಿದದ್ದು ವಿಲ್ಸ್‌ಡನ್ನಿನಲ್ಲಿ, ಒಂದು ಹಳೆಯ ಪ್ರ್ಯಾಮ್ ಮುಂದೆ. ಪ್ರ್ಯಾಮ್ ಅಂದರೆ ಈಗ ಮಡಚಿ ಬಗಲಿಗಿಟ್ಟುಕೊಳ್ಳುವ ಗಾಡಿಗಳಲ್ಲ. ದೊಡ್ಡ ಗಾಲಿಗಳ, ತೊಟ್ಟಿಲಿನಷ್ಟು ಆಳದ, ಮಡಚುವ ಛಾವಣಿಯ ಕೂಸಿನ ಗಾಡಿ.

ಅಲ್ಲಿಗೆ ನಾವು ಹೋದದ್ದೂ ಒಂದು ಕಥೆಯೇ. ನಮ್ಮ ಮಕ್ಕಳಿಗೆಂದು ಭಾನುವಾರದ ಕನ್ನಡ ಕ್ಲಾಸು ಶುರು ಮಾಡಿದ್ದೆವು. ಮೊದಲು ಅದು ಸ್ಟ್ಯಾನ್ಮೋರಿನ ಒಬ್ಬ ಡಾಕ್ಟರ ದೊಡ್ಡ ಮನೆಯಲ್ಲಿ ನಡೆಯುತ್ತಿತ್ತು. ಮಕ್ಕಳು ಕಾಗುಣಿತ ಕಲಿತರೋ ಇಲ್ಲವೋ, ಅವರ ಬಿಳಿ ಕಾರ್ಪೆಟ್ಟಿಗೆ ಮಾತ್ರ ಇಡ್ಲಿ-ಸಾಂಬಾರಿನ ಪರಿಚಯವಾಯಿತು. ಡಾಕ್ಟರ ಹೆಂಡತಿ ಬಹಳ ಒಳ್ಳೆಯವರು, ಏನೂ ಅನ್ನಲಿಲ್ಲ. ಮುಂದಿನ ವಾರದಿಂದ ಅವರ ಮನೆಯಲ್ಲಿ ಪ್ರತಿ ಭಾನುವಾರವೂ ಯಾರಿಗಾದರೂ ಜ್ವರ. ಅರ್ಥಮಾಡಿಕೊಂಡು ಬೇರೆ ಜಾಗ ಹುಡುಕಿದೆವು. ಆಗ ನಮ್ಮ ಕನ್ನಡ ಬಳಗದ ಕಾರ್ಯದರ್ಶಿ ನಂದೀಶ್ ಪತ್ತೆ ಹಚ್ಚಿದ್ದೇ ವಿಲ್ಸ್‌ಡನ್ನಿನ ಈ ಲೈಬ್ರರಿ. ನಂದೀಶ್ ಬೆಂಗಳೂರಿನವನು, ಐಟಿಯವನು, ಎಜ್‌ವೇರಿನಲ್ಲಿ ಮನೆ. ಯಾವ ಕೆಲಸ ಹೇಳಿದರೂ "ಮಾಡ್ಬಿಡೋಣ ಮೇಡಂ" ಅನ್ನುವ ಜೀವ.

ಒಂದು ಚರ್ಚಿನ ಹಿಂಭಾಗದ ಉದ್ದನೆಯ ಕೋಣೆ, ಗೋಡೆಗಳ ತುಂಬ ಕಪಾಟು, ಒಂದಕ್ಕೂ ಬಾಗಿಲಿಲ್ಲ. ಕೆರಿಬಿಯನ್ ದ್ವೀಪಗಳಿಂದ ಬಂದ ಕಪ್ಪು ಜನ ತಮಗಾಗಿ ತಾವೇ ಕಟ್ಟಿಕೊಂಡು, ತಾವೇ ನಡೆಸಿಕೊಂಡು ಬಂದ ಲೈಬ್ರರಿ. ನೋಡಿಕೊಳ್ಳುವವರು ವರ್ನಾ ಆಂಟಿ, ಎಪ್ಪತ್ತರ ಹತ್ತಿರದವರು, ಶಾಲೆಯಲ್ಲಿ ಟೀಚರಾಗಿದ್ದು ರಿಟೈರಾದವರು. ಹುಟ್ಟಿದ್ದು ಲಂಡನ್ನಿನಲ್ಲೇ, ಆದರೆ ಅವರ ಇಂಗ್ಲಿಷಿಗೆ ತಾಯಿಯ ಜಮೈಕಾದ ಎಳೆತವಿದೆ. ಅವರ ಮಾತನ್ನು ಪುಸ್ತಕದ ಕನ್ನಡದಲ್ಲಿ ಬರೆದರೆ ಜೀವವೇ ಹೋಗುತ್ತದೆ. ಎಳೆದು, ಹಾಡಿನ ಹಾಗೆ ಆಡುವ ಆ ಮಾತು ನನ್ನ ಕಿವಿಗೆ ನಮ್ಮ ಧಾರವಾಡದ ಕಡೆಯದೇ ಅನ್ನಿಸುವುದರಿಂದ ಹಾಗೆಯೇ ಬರೆಯುತ್ತೇನೆ. ಬೆಂಗಳೂರಿನವರು ಕ್ಷಮಿಸಬೇಕು.

ಮೊದಲ ದಿನ ನಾನು ನನ್ನ ಮಗಳು ಅನ್ವಿಗೆ, "ಪುಸ್ತಕ ಎಳೀಬ್ಯಾಡ, ಹರೀತಾವ" ಎಂದು ಗದರಿದೆ. ವರ್ನಾ ಆಂಟಿಗೆ ಮಾತು ತಿಳಿಯದಿದ್ದರೂ ದನಿ ತಿಳಿಯಿತು.

"ಎಳೀಲಿ ಬಿಡವಾ. ಹರದ್ರ ಅಂಟಸೂಣಂತ. ಇಲ್ಲೆ ಒಂದ ನಿಯಮ ಅದ, ಒಂದ. ಕೈ ಚಾಚಿದವರಿಗೆ 'ಇವತ್ತಲ್ಲ' ಅನಬಾರದು. ನಮ್ಮವ್ವ ಹಾಕಿದ ನಿಯಮ."

ಅವರ ಅವ್ವನ ಹೆಸರು ಐನೆಜ್. ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಆ ಕಾಲದಲ್ಲಿ ಈ ಊರಿನ ಕಿಟಕಿಗಳಲ್ಲಿ ಬೋರ್ಡು ಇರುತ್ತಿದ್ದವಂತೆ, ರೂಮು ಬಾಡಿಗೆಗಿದೆ, ಕಪ್ಪು ಜನ ಕೇಳಬೇಡಿ ಎಂದು. ಕೊಡುವವನು ಸಿಕ್ಕರೂ ಒಂದು ಸಂಸಾರಕ್ಕೆ ಒಂದೇ ಕೋಣೆ, ಅದೂ ಗುಟ್ಟಾಗಿ. ಯಾರೂ ಬಂದು ಹೋಗಬಾರದು, ನಾಲ್ಕು ಜನ ಸೇರಬಾರದು. ಊರಿನ ಸಾರ್ವಜನಿಕ ಲೈಬ್ರರಿಯ ಬಾಗಿಲಿಗೆ ಅಂಥ ಬೋರ್ಡು ಇರಲಿಲ್ಲ. ಕಾನೂನೂ ಇರಲಿಲ್ಲ. ಆದರೆ ಪುಸ್ತಕ ಒಯ್ಯಬೇಕಾದರೆ ಮನೆಯ ಮಾಲೀಕರು ಸಹಿ ಮಾಡಿ ಜಾಮೀನು ನಿಲ್ಲಬೇಕು. ಗುಟ್ಟಾಗಿ ರೂಮು ಕೊಟ್ಟವನು ಸಹಿ ಎಲ್ಲಿಂದ ಮಾಡಿಯಾನು? ಐನೆಜ್ ಪ್ರ್ಯಾಮಿನಲ್ಲಿ ಕೂಸನ್ನು ಮಲಗಿಸಿಕೊಂಡು ಹೋಗಿ ಕೌಂಟರಿನ ಮುಂದೆ ನಿಂತರೆ, ಆಚೆ ಕೂತ ಹೆಂಗಸು ನಗುನಗುತ್ತಲೇ "ಇವತ್ತಲ್ಲ ಕಣಮ್ಮ" ಅನ್ನುತ್ತಿದ್ದಳಂತೆ. ಮುಂದಿನ ವಾರ ಹೋದರೂ ಅದೇ ನಗು, ಅದೇ ಮಾತು.

"ಆಗೋದಿಲ್ಲ ಅಂದಿದ್ರ ಅವ್ವ ಜಗಳಾ ಮಾಡತಿದ್ಲು," ಅಂದರು ವರ್ನಾ ಆಂಟಿ. "ಇವತ್ತಲ್ಲ ಅಂದ್ರ ಏನ ಮಾಡೂದು? ನಾಳೆ ಬರಬೇಕು. ನಾಳೆನೂ ಇವತ್ತ ಆಗಿರ್ತದ."

ಒಂದು ದಿನ ಹಾಗೆ ವಾಪಸು ಬರುವಾಗ ಐನೆಜ್‌ಗೆ ಹೊಳೆಯಿತಂತೆ: ಇಷ್ಟು ದೊಡ್ಡ ಗಾಡಿ, ಇಷ್ಟು ಸಣ್ಣ ಕೂಸು. ಕೆಳಗೆ ಎಷ್ಟೊಂದು ಜಾಗ ಸುಮ್ಮನೆ ಹೋಗುತ್ತಿದೆ!

ಅಲ್ಲಿಂದ ಶುರು. ತನ್ನೂರು ಜಮೈಕಾದಿಂದ ಹಡಗು ಹತ್ತುವ ಪ್ರತಿಯೊಬ್ಬರಿಗೂ ಒಂದು ಪುಸ್ತಕ ತರಲು ಹೇಳಿಕಳಿಸಿದಳು. ಖಾರದ ಚಟ್ನಿಯ ಬಾಟಲಿಯ ಜೊತೆ ಟ್ರಂಕಿನಲ್ಲಿ ಪುಸ್ತಕವೂ ಬಂತು. ಕೆಲವಕ್ಕೆ ಇವತ್ತಿಗೂ ಚಟ್ನಿಯ ಕಲೆ ಇದೆ. ಸ್ಟ್ಯಾನ್ಮೋರಿನ ಕಾರ್ಪೆಟ್ ನೆನಪಾಗಿ ನನಗೆ ಆ ಪುಸ್ತಕಗಳ ಮೇಲೆ ತಕ್ಷಣ ಪ್ರೀತಿ ಬಂತು. ಪುಸ್ತಕಗಳನ್ನು ಗಾಡಿಯ ತಳದಲ್ಲಿ ಜೋಡಿಸಿ, ಮೇಲೆ ಪುಟ್ಟ ಹಾಸಿಗೆ, ಹಾಸಿಗೆಯ ಮೇಲೆ ವರ್ನಾ. ಪುಸ್ತಕದ ಪೆಟ್ಟಿಗೆ ಹೊತ್ತ ಕಪ್ಪು ಹೆಂಗಸನ್ನು ಮಾಲೀಕರು ಬಾಗಿಲಲ್ಲೇ ತಡೆದು, ಮೀಟಿಂಗು ಮಾಡುತ್ತೀರಾ ಎಂದು ಕೇಳಿಯಾರು. ರಸ್ತೆಯಲ್ಲಿ ಪುಂಡರು ಅಡ್ಡಗಟ್ಟಿಯಾರು. ಕೂಸಿನ ಗಾಡಿ ತಳ್ಳಿಕೊಂಡು ಹೋಗುವವಳನ್ನು ಯಾರು ಏನು ಕೇಳುತ್ತಾರೆ?

"ನಾ ಲೈಬ್ರರಿಯನ್ ಆಗಿದ್ದು ಆಮ್ಯಾಲ," ಅಂದರು ವರ್ನಾ ಆಂಟಿ, ನಕ್ಕು. "ಮೊದಲ ನಾ ಲೈಬ್ರರಿಯ ಮುಚ್ಚಳಾ ಆಗಿದ್ದೆ."

ಗಾಡಿಯ ಒಂದು ಗಾಲಿ ಕಿರ್ರೆನ್ನುತ್ತಿತ್ತು. ಎಣ್ಣೆ ಬಿಡಲು ಐನೆಜ್ ಯಾರಿಗೂ ಬಿಡಲಿಲ್ಲ, ಆ ಸದ್ದಿಗೇ ಮಕ್ಕಳು ಮೆಟ್ಟಿಲಿಳಿದು ಓಡಿ ಬರುತ್ತಿದ್ದರು. ಅದಕ್ಕೊಂದು ಪದ್ಧತಿಯೂ ಇತ್ತು. ಬಾಗಿಲು ತೆರೆದವರು ಮೊದಲು ಗಾಡಿಯೊಳಗೆ ಬಗ್ಗಿ, ಇಡೀ ಬೀದಿಗೆ ಕೇಳುವ ಹಾಗೆ, "ಅಯ್ಯಯ್ಯ, ಎಷ್ಟು ದೊಡ್ಡಾಕಿ ಆಗ್ಯಾಳ ನೋಡು!" ಅನ್ನಬೇಕು. ಹಾಗನ್ನುತ್ತಲೇ ಹಾಸಿಗೆಯ ಕೆಳಗೆ ಕೈ ಹಾಕಿ ಓದಿದ ಪುಸ್ತಕ ಇಟ್ಟು ಓದಬೇಕಾದದ್ದನ್ನು ಎಳೆದುಕೊಳ್ಳಬೇಕು. ಮೇಲಿನ ಕಿಟಕಿಯಿಂದ ನೋಡುವ ಮಾಲೀಕನಿಗೆ ಕಾಣುವುದು ಕೂಸನ್ನು ಮುದ್ದಿಸುವ ಹೆಂಗಸರು ಮಾತ್ರ. ಈ ಮಾತನ್ನು ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದವಳು ಗಾಡಿ ಮೊದಲು ನಿಲ್ಲುತ್ತಿದ್ದ ಮನೆಯ ಹೆಂಗಸಂತೆ. ಅವಳ ಮಗ ಡೆಸ್ಮಂಡ್ ಅಕ್ಷರ ಕೂಡಿಸಿ ಓದಲು ಕಲಿತದ್ದೇ ಆ ಗಾಡಿಯ ಪುಸ್ತಕಗಳಲ್ಲಿ. ಹೊಗಳಿಸಿಕೊಂಡು ಹೊಗಳಿಸಿಕೊಂಡು ವರ್ನಾ ನಿಜವಾಗಿಯೂ ದೊಡ್ಡವಳಾಗಿ ಗಾಡಿಯಲ್ಲಿ ಹಿಡಿಸದೆ ಹೋದಾಗ, ಬೇರೆ ಯಾರದೋ ಕೂಸು ಆ ಕೆಲಸಕ್ಕೆ ಬಂತು. ಹೀಗೆ ಆ ಲೈಬ್ರರಿಗೆ ಹಲ್ಲು ಬಾರದ ನೌಕರರು ಬಹಳ ಮಂದಿ ಆಗಿಹೋದರು.

ಹಳೆಯ ಪುಸ್ತಕಗಳಲ್ಲಿ ಕೆಲವುಗಳ ಹಾಳೆಗಳು ಹಪ್ಪಳದ ಹಾಗೆ ಉಬ್ಬಿವೆ. ಮಳೆಯಲ್ಲಿ ನೆನೆದವೇ ಎಂದು ಕೇಳಿದೆ. "ಮಳಿ ಅಲ್ಲ, ನಾನು," ಅಂದರು ವರ್ನಾ ಆಂಟಿ.

ನಾನು ಅಪ್ಪನ ಗಾಜಿನ ಕಪಾಟನ್ನು ನೆನೆದೆ. ಒಂದು ಹಾಳೆಯೂ ಉಬ್ಬದ, ಒಂದು ಕಲೆಯೂ ಇಲ್ಲದ ಆ ಪುಸ್ತಕಗಳನ್ನು. ಅಪ್ಪನ ಮೇಲಿನ ಪ್ರೀತಿ ನನಗೇನೂ ಕಡಿಮೆಯಾಗಲಿಲ್ಲ. ಆದರೆ ಅವತ್ತು ನಾನು ಮನಸಾರೆ ತಲೆಬಾಗಿದ್ದು ಕೂಸು ಉಚ್ಚೆ ಹೊಯ್ದ ಆ ಪುಸ್ತಕಗಳಿಗೆ. ಎಂಥ ಹೆಂಗಸು ಆ ಐನೆಜ್! ಬಾಗಿಲಿನಾಚೆ ನಿಲ್ಲಿಸಿದರೆಂದು ಅಳುತ್ತ ಕೂರದೆ, ಬಾಗಿಲೇ ಇಲ್ಲದ ಲೈಬ್ರರಿ ಮಾಡಿದಳು.

ಅವಳ ಆ ಒಂದು ನಿಯಮವನ್ನು ಮಗಳು ಹೇಗೆ ಪಾಲಿಸಿದ್ದಳೆಂದರೆ, ಹಿಮ ಬಿದ್ದು ಬಸ್ಸು ನಿಂತ ದಿನವೂ ನಡೆದು ಬಂದು ಬಾಗಿಲು ತೆರೆದಿದ್ದಳು. ಕೋವಿಡ್ ಕಾಲದಲ್ಲಿ ಕೋಲಿನ ತುದಿಗೆ ಚೀಲ ಕಟ್ಟಿ ಕಿಟಕಿಯಿಂದ ಪುಸ್ತಕ ದಾಟಿಸಿದ್ದಳು. ಅವ್ವನನ್ನು ಮಣ್ಣು ಮಾಡಿದ ದಿನ ಕೂಡ, ಕಪ್ಪು ಬಟ್ಟೆಯುಟ್ಟು ಬಂದಿದ್ದ ಒಬ್ಬ ಮುದುಕಿ ಅಳುತ್ತಲೇ, ಓದಲಿಕ್ಕೆ ಏನಾದರೂ ಕೊಡು ಅಂದಳಂತೆ. ಮಗಳು ಹೂಗುಚ್ಛ ಕೆಳಗಿಟ್ಟು ತೆಗೆದುಕೊಟ್ಟಳಂತೆ. ಈ ಕೋಣೆಯಿಂದ "ಇವತ್ತಲ್ಲ" ಅನ್ನಿಸಿಕೊಂಡು ಯಾರೂ ಹೊರಗೆ ಹೋಗಿರಲಿಲ್ಲ. ಬೇರೆ ಆಸ್ತಿ ಏನೂ ಅವ್ವ ಬಿಟ್ಟು ಹೋಗಿಲ್ಲ, ಇದೊಂದನ್ನ ನನ್ನ ಕೈಯಾಗ ಇಟ್ಟು ಹೋದ್ಲು ಎಂದು ವರ್ನಾ ಆಂಟಿ ಹೇಳುತ್ತಿದ್ದರು.

ಇಂಥ ಕೋಣೆಯಲ್ಲಿ ನಾವು ಕಳೆದ ದಸರೆಗೆ ಸರಸ್ವತಿ ಪೂಜೆ ಇಟ್ಟುಕೊಂಡೆವು.

ಯೋಚನೆ ನನ್ನ ಅತ್ತೆಯದು. ವಿಜಯಪುರದ ನನ್ನ ಅತ್ತೆ ನಮ್ಮ ಜೊತೆಗೇ ಇರುತ್ತಾರೆ. ಸೀರೆಯ ಮೇಲೆ ಸ್ವೆಟರು, ಸ್ವೆಟರಿನ ಮೇಲೆ ಕೋಟು, ಕಾಲಿಗೆ ಮೊಮ್ಮಗಳ ಹಳೆಯ ಸ್ಪೋರ್ಟ್ಸ್ ಶೂ. ಇಂಗ್ಲಿಷ್ ಬರುವುದಿಲ್ಲ, ಬೇಕಾಗಿಯೂ ಇಲ್ಲ. ಮಕ್ಕಳಿಗೆ ಪದ್ಧತಿ ಗೊತ್ತಾಗಲಿ, ಇಷ್ಟು ಪುಸ್ತಕ ಇರುವಲ್ಲಿ ಪೂಜೆ ಆಗದಿದ್ದರೆ ಹೇಗೆ ಎಂದು ಹಟ ಹಿಡಿದರು. ವರ್ನಾ ಆಂಟಿಯನ್ನು ಕೇಳಿದೆ. ಪುಸ್ತಕಕ್ಕೂ ಒಬ್ಬಳು ದೇವಿ ಇದ್ದಾಳೆಂದು ಕೇಳಿ ಅವರಿಗೆ ಎಲ್ಲಿಲ್ಲದ ಸಂತೋಷ. ಆ ದಿನ ಅವರಿಗೆ ಕಣ್ಣಿನ ಆಸ್ಪತ್ರೆಯಲ್ಲಿ ಅಪಾಯಿಂಟ್‌ಮೆಂಟ್ ಇತ್ತು. "ಕೀಲಿ ನಿಮ್ಮ ಕಡೆ ಇರಲಿ, ಬಂದವರನ್ನ ನೋಡಿಕೊಳ್ರಿ," ಎಂದು ಕೊಟ್ಟು ಹೋದರು.

ನಾವು ಭಕ್ತಿಯಿಂದ ಶುರು ಹಚ್ಚಿಕೊಂಡೆವು. ಕಪಾಟುಗಳ ಮುಂದೆ ಟೇಬಲ್ ಇಟ್ಟು, ಎತ್ತಿದಷ್ಟು ಪುಸ್ತಕ ಜೋಡಿಸಿ, ಚೆಂಡು ಹೂವಿನ ಮಾಲೆ ಹಾಕಿದೆವು. ದೇವಿಯ ಫೋಟೋಕ್ಕೆ ಪೀಠ ಬೇಕಲ್ಲ, ಇದ್ದುದರಲ್ಲೆಲ್ಲ ದಪ್ಪನೆಯ ಪುಸ್ತಕವನ್ನು ಅತ್ತೆ ಆರಿಸಿದರು. ಹಕ್ಕಿಗಳ ಚಿತ್ರಗಳಿದ್ದ ದೊಡ್ಡ ಪುಸ್ತಕ. ಹಾಳೆ ಉಬ್ಬಿದ್ದನ್ನು ನೋಡಿ ಕಾರಣ ಕೇಳಿದರು. ನಾನು ಸುಳ್ಳು ಹೇಳಲಾರದೆ ಹೇಳಿಬಿಟ್ಟೆ. ಅತ್ತೆ, "ಕೂಸಿಗೆಂಥಾ ಮಡಿ-ಮೈಲಿಗಿ," ಎಂದು ಅದರ ಮೇಲೇ ಬೆರಳ ತುಂಬ ಕುಂಕುಮ ಹಚ್ಚಿದರು. ಆರತಿ ಆಯಿತು. ದೀಪದ ಹತ್ತಿರ ಬಂದವರಿಗೆಲ್ಲ ನಂದೀಶ್ ಸ್ಮೋಕ್ ಅಲಾರಂ ಬಗ್ಗೆ ಎಚ್ಚರಿಕೆ ಕೊಟ್ಟ. ಎಲ್ಲ ಮುಗಿದ ಮೇಲೆ ನಾವು ಹೆಂಗಸರು ಒಳಗಿನ ಅಡುಗೆಮನೆಯಲ್ಲಿ ಮಂಡಕ್ಕಿಗೆ, ಅಂದರೆ ನಮ್ಮ ಮಂಡಾಳಿಗೆ, ಒಗ್ಗರಣೆ ಹಾಕುತ್ತಿದ್ದೆವು.

ಸಂಜೆ ವರ್ನಾ ಆಂಟಿ ಬಂದರು. ಕಣ್ಣಿಗೆ ಔಷಧ ಹಾಕಿದ್ದರಿಂದ ಕಪ್ಪು ಕನ್ನಡಕ. "ಬರೇ ಹಳದಿ ಹಳದಿ ಕಾಣ್ತದ, ಭಾಳ ಚಂದ ಅದ," ಎಂದು ಹೂವಿನ ಕಡೆ ಮುಖ ಮಾಡಿ ನಿಂತರು. "ಯಾರರೆ ಬಂದಿದ್ರೇನು?"

"ಒಬ್ಬರು ಬಂದಿದ್ರು ಆಂಟಿ, ನಾನೇ ಮ್ಯಾನೇಜ್ ಮಾಡ್ದೆ," ಎಂದು ನಂದೀಶ್ ಹುರುಪಿನಿಂದ ಇಂಗ್ಲಿಷಿನಲ್ಲಿ ಶುರುಮಾಡಿದ. "ಟೋಪಿ ಹಾಕಿದ ಅಂಕಲ್, ಡೆಸ್ಮಂಡ್ ಅಂತೆ. ಆ ಹಕ್ಕಿ ಪುಸ್ತಕಕ್ಕೆ ಕೈ ಚಾಚಿದ್ರು. ಅದ್ರ ಮೇಲೆ ದೇವ್ರಿದೆ ಅಲ್ವಾ? ತುಂಬಾ ಪೊಲೈಟಾಗೇ ಹೇಳ್ದೆ. ಇವತ್ತು ಪುಸ್ತಕ ಮುಟ್ಟೋ ಹಾಗಿಲ್ಲ. ಇವತ್ತಲ್ಲ ಅಂಕಲ್, ನಾಳೆ ಬನ್ನಿ ಅಂತ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನಗೆ ಕೈಯಲ್ಲಿನ ಸೌಟು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮುಟ್ಟುವ ಹಾಗಿಲ್ಲ. ಕನ್ನಡದಲ್ಲಿ ಅದು ಮಕ್ಕಳ ರಜೆಯ ಮಾತು. ಇಂಗ್ಲಿಷಿನಲ್ಲಿ, ಈ ಕೋಣೆಯಲ್ಲಿ, ಅದು ಬೇರೆಯೇ ಆಗಿ ಕೇಳಿಸಿತು. ಹಾಗೆ ನೋಡಿದರೆ ಕನ್ನಡದಲ್ಲೂ ಆ ಮಾತನ್ನು ನಮ್ಮವರು ಎಷ್ಟು ಜನರಿಗೆ ಎಷ್ಟು ಕಾಲ ಹೇಳಿದ್ದಾರೆಂಬುದು ನನಗೇನು ಗೊತ್ತಿಲ್ಲವೇ?

ವರ್ನಾ ಆಂಟಿ ಕೋಟು ತೆಗೆಯದೆ ಹತ್ತಿರದ ಕುರ್ಚಿಯಲ್ಲಿ ಕೂತರು. "ಡೆಸ್ಮಂಡ್ ಏನಂದ?"

"ಏನೂ ಇಲ್ಲ. ನೋ ಪ್ರಾಬ್ಲಂ ಅಂದ್ರು. ಟೋಪಿ ಸರಿ ಮಾಡ್ಕೊಂಡು ಹೋದ್ರು."

"ಹೌದು. ಅಂವ ಏನೂ ಅನ್ನೂದಿಲ್ಲ," ಅಂದರು. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಮಗೆ ಎಷ್ಟೋ ಸುಲಭವಾಗುತ್ತಿತ್ತು. "ನಿಮ್ಮ ಹಬ್ಬ. ಕೀಲಿ ಕೊಟ್ಟಾಕಿ ನಾನ. ನಿಮಗೇನೂ ಗೊತ್ತಿದ್ದಿಲ್ಲ. ಆದರ ಅವ್ವ ನನ್ನ ಕೈಯಾಗ ಇಟ್ಟದ್ದು ಅದೊಂದ ಮಾತು ನೋಡು. ಇವತ್ತಿನ ತನಕಾ ಉಳಸಿಕೊಂಡು ಬಂದಿದ್ದೆ." ಕಪ್ಪು ಕನ್ನಡಕದ ಕೆಳಗಿನಿಂದ ಕಣ್ಣೀರು ಇಳಿಯಿತು. ಔಷಧದ್ದು ಎಂದು ಒರೆಸಿಕೊಂಡರು. ಔಷಧದ್ದಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ನಂದೀಶ್ ಜೇಬಿನಿಂದ ಫೋನ್ ತೆಗೆದ. "ಫೋನ್ ಮಾಡಿ ಕರೀಲಾ? ನಾನೇ ಕಾರಲ್ಲಿ ಹೋಗಿ ಕರ್ಕೊಂಡು ಬರ್ತೀನಿ."

"ಬ್ಯಾಡಪಾ. ಒಮ್ಮೆ ಹೊರಗ ಕಳಿಸಿದವರನ್ನ ಮತ್ತ ಬಾ ಅನ್ನೂದು ಅಂದ್ರ ಮತ್ತ ಅದ ಕೌಂಟರು, ಅದ ನಗಿ."

ಅತ್ತೆ ನನ್ನ ಭುಜ ಹಿಡಿದು ಅಲುಗಾಡಿಸಿದರು. "ಶೈಲಾ, ಯಾಕ ಅಳ್ಳಿಕತ್ತಾರ ಅವರು? ಹೇಳು." ನಾನು ಹೇಳಿದೆ. ಐನೆಜ್‌ದು, ಕೌಂಟರಿನದು, ನಿಯಮದ್ದು, ಡೆಸ್ಮಂಡರದು, ಎಲ್ಲ. ಅತ್ತೆ ಪೂಜೆಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ನಾಳೆ ದಶಮಿಗೆ ಮುಂಚೆ ಒಂದು ಹೂವು ಕದಲಿಸಲೂ ಬಿಡುವವರಲ್ಲ. ಈಗ ಏನನ್ನುತ್ತಾರೋ ಎಂದು ನಾನು ಹೆದರಿ ನೋಡಿದೆ. ಅವರು ಕಿಟಕಿಯ ಕಡೆ ನೋಡುತ್ತಿದ್ದರು.

"ಇನ್ನೂ ಬೆಳಕದಲ್ಲಾ?" ಅಂದರು. "ಅಂದ್ರ ಇವತ್ತ ಇನ್ನೂ ಮುಗಿದಿಲ್ಲ. ಇವತ್ತಲ್ಲ ಅಂದದ್ದು ಸುಳ್ಳ ಮಾಡಲಿಕ್ಕೆ ವ್ಯಾಳ್ಯಾ ಅದ. ಅವರ್ಯಾಕ ಬರಬೇಕು, ನಾವ ಹೋಗೂಣು."

"ಪೂಜಿ, ಅತ್ತೆ?"

"ಪೂಜಿಗೇನಾಗೇದ? ದೇವರು ಮೆರವಣಿಗಿ ಹೋಗೂದಿಲ್ಲೇನು? ಪೀಠದ ಸಮೇತ ಹೋಗ್ಲಿ. ಅಲ್ಲವಾ, ಇಷ್ಟ ದಿನಾ ಆಕಿ ಕೂಸಿನ ಕೆಳಗ ಕೂತ ಊರ ತಿರಗ್ಯಾಳಂತ, ಇವತ್ತೊಂದಿನ ಮ್ಯಾಲ ಕೂತ ತಿರಗಲಿ."

ಐನೆಜ್ ತಳ್ಳುತ್ತಿದ್ದ, ಈಗ ಮೂಲೆಯಲ್ಲಿ ಗೊಂಬೆಗಳನ್ನು ತುಂಬಿಟ್ಟಿದ್ದ ಅದೇ ಪ್ರ್ಯಾಮನ್ನು ಅತ್ತೆಯೇ ಎಳೆದು ತಂದರು. ಗೊಂಬೆ ತೆಗೆದರು. ಹಕ್ಕಿಗಳ ಪುಸ್ತಕವನ್ನು ಕುಂಕುಮದ ಸಮೇತ ತಳಕ್ಕಿಟ್ಟರು, ಅದರ ಜೊತೆ ಟೇಬಲ್ಲಿನಿಂದ ಕೈಗೆ ಬಂದ ಇನ್ನಷ್ಟನ್ನೂ ಇಟ್ಟರು. ಮೇಲೆ ಹಾಸಿಗೆ. ಹಾಸಿಗೆಯ ಮೇಲೆ ಸರಸ್ವತಿಯ ಫೋಟೋ. ಅಕ್ಟೋಬರಿನ ಗಾಳಿ ಎಂದು ತಮ್ಮ ಶಾಲನ್ನು ದೇವಿಯ ಕುತ್ತಿಗೆಯ ತನಕ ಹೊದಿಸಿದರು. ವರ್ನಾ ಆಂಟಿ ಕುರ್ಚಿಯಿಂದ ಎದ್ದು ಬಂದು, ಸರಿಯಾಗಿ ಕಾಣದ ಕಣ್ಣಿನಿಂದ ಬಗ್ಗಿ, ಕೈಯಿಂದ ತಡವಿ ನೋಡಿದರು. ಹಾಸಿಗೆ, ಶಾಲು, ಫೋಟೋದ ಕಟ್ಟು. ಆಮೇಲೆ ಗಾಡಿಯ ಹಿಡಿಕೆ ಹಿಡಿದರು. ಆ ಕಡೆ ಅತ್ತೆ ಹಿಡಿದರು.

ನಮ್ಮ ಮೆರವಣಿಗೆ ಹೊರಟಿತು. ಕಪ್ಪು ಕನ್ನಡಕದ ಒಬ್ಬರು, ಸ್ಪೋರ್ಟ್ಸ್ ಶೂ ಹಾಕಿದ ಒಬ್ಬರು, ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಹಿಂದೆ ಕೈಮುಗಿದುಕೊಂಡೇ ನಡೆಯುತ್ತಿದ್ದ ನಂದೀಶ್. "ಅಮ್ಮಾ, ದಿಸ್ ಈಸ್ ಸೋ ಎಂಬರಾಸಿಂಗ್," ಎಂದು ಅನ್ವಿ ನನ್ನ ಕೋಟಿನ ಹಿಂದೆ ಅಡಗಿದಳು. ಎರಡು ತಿರುವು ದಾಟುವುದರೊಳಗೆ ಎಲ್ಲರಿಗಿಂತ ಮುಂದೆ ಅವಳೇ ಇದ್ದಳು, "ಎಕ್ಸ್‌ಕ್ಯೂಸ್ ಮಿ, ಗಾಡೆಸ್ ಕಮಿಂಗ್" ಎಂದು ಫುಟ್‌ಪಾತಿನಲ್ಲಿ ದಾರಿ ಬಿಡಿಸುತ್ತ. ಕೋಳಿ ಅಂಗಡಿಯವನು ಬಾಗಿಲಿಗೆ ಬಂದು ನೋಡಿದ. ಬಸ್ ಸ್ಟಾಪಿನ ಮುದುಕನೊಬ್ಬ ಎದ್ದು ನಿಂತು ಹ್ಯಾಟು ತೆಗೆದ, ಯಾವುದೋ ಅಂತ್ಯಕ್ರಿಯೆ ಎಂದುಕೊಂಡನೋ ಏನೋ. ಗಾಲಿ ಉದ್ದಕ್ಕೂ ಕಿರ್ರೆನ್ನುತ್ತಿತ್ತು. ಎಣ್ಣೆ ಇವತ್ತಿಗೂ ಯಾರೂ ಬಿಟ್ಟಿಲ್ಲ.

ಡೆಸ್ಮಂಡರ ಬೀದಿ ಬಂತು. ಬೆಳಕು ಇಟ್ಟಿಗೆಯ ಗೋಡೆಗಳ ಮೇಲೆ ಇನ್ನೂ ಸ್ವಲ್ಪ ಉಳಿದಿತ್ತು. ನಾವು ಬೆಲ್ ಒತ್ತಲೇ ಇಲ್ಲ. ಗಾಡಿ ಅವರ ಗೇಟಿನ ಹತ್ತಿರ ಹೋಗುವಷ್ಟರಲ್ಲಿ ಬಾಗಿಲು ತೆರೆಯಿತು. ಮನೆಯ ಚಪ್ಪಲಿಯಲ್ಲೇ, ಟೋಪಿಯಿಲ್ಲದೆ, ಎತ್ತರದ ಒಬ್ಬ ಮುದುಕ ಚೌಕಟ್ಟು ಹಿಡಿದು ನಿಂತಿದ್ದರು. ನಮ್ಮ ಯಾರ ಕಡೆಗೂ ಅವರು ನೋಡಲಿಲ್ಲ. ಗಾಲಿಯನ್ನೇ ನೋಡುತ್ತಿದ್ದರು.

ನಂದೀಶ್ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಕ್ಷಮೆಯ ಮಾತು ಹೇಳಲು ಬಾಯಿ ತೆರೆದ. ಅತ್ತೆ ಅವನ ಕೈ ಹಿಡಿದು ತಡೆದರು. ತಮಗೆ ಬರುವ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ, "ಟುಡೇ," ಅಂದರು. "ಟುಡೇರಿ."

ಡೆಸ್ಮಂಡ್ ಮೆಟ್ಟಿಲಿಳಿದು ಬಂದರು. ಎರಡೂ ಕೈಯನ್ನು ಮೊಣಕಾಲಿಗೆ ಊರಿ, ನಿಧಾನವಾಗಿ ಗಾಡಿಯೊಳಗೆ ಬಗ್ಗಿದರು. ಶಾಲು ಹೊದ್ದು ಮಲಗಿದ್ದ ನಾಲ್ಕು ಕೈಯ ದೇವಿಯನ್ನು ನೋಡಿದರು. ಆಮೇಲೆ ತಲೆಯೆತ್ತಿ, ಮೇಲಿನ ಕಿಟಕಿಗಳಿಗೆಲ್ಲ ಕೇಳುವ ಹಾಗೆ, ತಮ್ಮ ತಾಯಿ ಕೂಗುತ್ತಿದ್ದಷ್ಟೇ ಜೋರಾಗಿ ಕೂಗಿದರು.

"ಅಯ್ಯಯ್ಯ, ಎಷ್ಟು ದೊಡ್ಡಾಕಿ ಆಗ್ಯಾಳ ನೋಡು!"

ಅವರ ಕೈ ಆಗಲೇ ಹಾಸಿಗೆಯ ಕೆಳಗಿತ್ತು.